ಗಿಳಿ ಇದ್ದಕ್ಕಿದ್ದಂತೆ ಕಚ್ಚುತ್ತಿದೆ, ತನ್ನ ಗರಿಯನ್ನು ತಾನೇ ಕೀಳುತ್ತಿದೆ: ಏನು ಮಾಡಬೇಕು?

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ವರ್ಷದ ಆಫ್ರಿಕನ್ ಗ್ರೇ ಗಿಳಿಯಿದೆ. ಮರಿಯಿದ್ದಾಗ ತಂದು ಕೈತುತ್ತು ಕೊಟ್ಟು ಬೆಳೆಸಿದ್ದೇವೆ. ಕಳೆದ ಜೂನ್‌ನಲ್ಲಿ ಮೈಸೂರಿನಿಂದ ಬೆಂಗಳೂರಿನ ಅಪಾರ್ಟ್‌ಮೆಂಟ್‌ಗೆ ಬಂದೆವು. ಅದೇ ಸಮಯಕ್ಕೆ, ಗಿಳಿ ತುಂಬ ಹಚ್ಚಿಕೊಂಡಿದ್ದ ಮಗಳು ಹಾಸ್ಟೆಲ್‌ಗೆ ಹೋದಳು. ಈಗ ಎರಡು ತಿಂಗಳಿಂದ ಅದು ನನ್ನ ಭುಜ ಬಿಟ್ಟು ಇಳಿಯುವುದಿಲ್ಲ. ನನ್ನ ಪತಿ ಹತ್ತಿರ ಬಂದರೆ ರಕ್ತ ಬರುವಂತೆ ಕಚ್ಚುತ್ತದೆ. ಎದೆ ಮತ್ತು ತೊಡೆಯ ಗರಿಗಳನ್ನು ಕಿತ್ತುಕೊಂಡು ಚರ್ಮ ಕಾಣುವಂತೆ ಮಾಡಿಕೊಂಡಿದೆ. ಸೂರ್ಯಕಾಂತಿ ಬೀಜ, ಅನ್ನ, ಚಪಾತಿ ತಿನ್ನುತ್ತದೆ. ಪಂಜರವನ್ನು ಅಡುಗೆಮನೆಗೆ ಹೊಂದಿಕೊಂಡಿರುವ ಹಾಲ್‌ನಲ್ಲಿ ಟಿವಿಯ ಪಕ್ಕ ಇಟ್ಟಿದ್ದೇವೆ. ಬೇವಿನೆಣ್ಣೆ ಹಚ್ಚಿ ಎಂದು ನೆರೆಯವರೂ, ಜೋಡಿ ತನ್ನಿ ಎಂದು ಅಂಗಡಿಯವರೂ ಹೇಳುತ್ತಿದ್ದಾರೆ. ಯಾವುದು ಸರಿ?
ಓದುಗರು, ಬೆಂಗಳೂರು

ಉತ್ತರ: ಎಣ್ಣೆಯನ್ನು ದಯವಿಟ್ಟು ಹಚ್ಚಬೇಡಿ, ಜೋಡಿಯನ್ನೂ ಸದ್ಯಕ್ಕೆ ತರಬೇಡಿ. ಬೇವಿನದಾಗಲಿ ತೆಂಗಿನದಾಗಲಿ, ಎಣ್ಣೆ ತಗುಲಿದ ಗರಿಗಳು ಒಂದಕ್ಕೊಂದು ಅಂಟಿಕೊಂಡು ಮೈಯನ್ನು ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತವೆ, ಮತ್ತು ಅದನ್ನು ಒರೆಸಿಕೊಳ್ಳಲು ಹೋಗಿ ಗಿಳಿ ಇನ್ನಷ್ಟು ಗರಿಗಳನ್ನು ಕೀಳುತ್ತದೆ. ಇನ್ನು ಎರಡನೆಯ ಹಕ್ಕಿಯ ಮಾತು. ಮೊದಲನೆಯದರ ಕಾಯಿಲೆ ಏನೆಂದು ತಿಳಿಯುವ ಮೊದಲು ಹೊಸ ಹಕ್ಕಿಯನ್ನು ತಂದರೆ ಸೋಂಕು ಅದಕ್ಕೂ ಅಂಟಬಹುದು, ಹಗೆಯೂ ಹುಟ್ಟಬಹುದು.

ನನ್ನ ದೃಢವಾದ ಅಭಿಪ್ರಾಯವೆಂದರೆ, ಕಚ್ಚುವುದನ್ನೂ ಗರಿ ಕೀಳುವುದನ್ನೂ ಎರಡು ಕೆಟ್ಟ ಚಾಳಿಗಳೆಂದು ಬೇರೆ ಬೇರೆಯಾಗಿ ತಿದ್ದಲು ಹೋಗಬಾರದು. ನಿಮ್ಮ ಪತ್ರವನ್ನು ಓದಿದರೆ ಎರಡಕ್ಕೂ ಬೇರು ಒಂದೇ ಇರುವಂತೆ ತೋರುತ್ತದೆ. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ದೇಹದ ಕಾಯಿಲೆಯಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಗಿಳಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತವೆ; ಕಾಡಿನಲ್ಲಿ ಬಲಹೀನವಾಗಿ ಕಾಣುವ ಹಕ್ಕಿಯೇ ಮೊದಲು ಬೇಟೆಗೆ ಸಿಗುವುದರಿಂದ ಈ ಗುಣ ಅವುಗಳಲ್ಲಿ ಆಳವಾಗಿ ಉಳಿದಿದೆ. ಚರ್ಮದ ಸೋಂಕು, ಯಕೃತ್ತಿನ ತೊಂದರೆ, ಶ್ವಾಸಚೀಲಗಳಲ್ಲಿ ಬೆಳೆಯುವ ಶಿಲೀಂಧ್ರ, ಅಗ್ಗದ ಪಂಜರದ ಸತುವಿನ ಲೇಪನವನ್ನು ಕಡಿದು ಕಡಿದು ದೇಹಕ್ಕೆ ಸೇರುವ ಸತು, ಹಳೆಯ ಬಣ್ಣದಲ್ಲಿರುವ ಸೀಸ, ಇವೆಲ್ಲವೂ ಗರಿ ಕೀಳುವುದಕ್ಕೆ ಕಾರಣವಾಗಬಹುದು. ನೋವಿರುವ ಹಕ್ಕಿ ಕಚ್ಚುವುದೂ ಸಹಜ. ರೆಕ್ಕೆ ಕತ್ತರಿಸಿದ್ದರೆ ಆ ಗರಿಗಳ ಮೊನಚು ತುದಿಗಳು ಪಕ್ಕೆಗೆ ಚುಚ್ಚುತ್ತಿವೆಯೇ ಎಂಬುದನ್ನೂ ನೋಡಿಸಿ.

ಹಕ್ಕಿಗಳಿಗೆ ಚಿಕಿತ್ಸೆ ಕೊಟ್ಟ ಅನುಭವವಿರುವ ಪಶುವೈದ್ಯರನ್ನೇ ಹುಡುಕಿ. ಬೆಂಗಳೂರಿನಲ್ಲಿರುವ ನೀವು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರಕ್ತಪರೀಕ್ಷೆ, ಹಿಕ್ಕೆಯ ಪರೀಕ್ಷೆ, ಎಕ್ಸ್‌-ರೇ, ಜೊತೆಗೆ ಕೊಕ್ಕು ಮತ್ತು ಗರಿಗಳ ವೈರಸ್ ರೋಗ ಹಾಗೂ ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಪರೀಕ್ಷೆಗಳನ್ನು ಕೇಳಿ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಎಂದು ನೋಡುವುದನ್ನು ಮರೆಯಬೇಡಿ, ಏಕೆಂದರೆ ಆಫ್ರಿಕನ್ ಗ್ರೇ ಗಿಳಿಗಳಲ್ಲಿ ಅದು ಕಡಿಮೆಯಾಗಿ ನಡುಕ, ಫಿಟ್ಸ್ ಬರುವುದು ಉಳಿದ ಗಿಳಿಗಳಿಗಿಂತ ಹೆಚ್ಚು. ಕ್ಲಮೀಡಿಯಾ ಮನುಷ್ಯರಿಗೂ ಹರಡುವ ಸೋಂಕು. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರ ಮತ್ತು ಕೆಮ್ಮು ಇದ್ದರೆ ಗಿಳಿ ಸಾಕಿರುವ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸಿ. ಗಿಳಿ ಕಚ್ಚಿದರೆ ರೇಬೀಸ್ ಬರುತ್ತದೆಯೇ ಎಂದು ಅನೇಕರು ಗಾಬರಿಯಾಗುತ್ತಾರೆ. ರೇಬೀಸ್ ಸಸ್ತನಿಗಳ ರೋಗ, ಗಿಳಿಯಿಂದ ಬರುವುದಿಲ್ಲ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಆಳವಾಗಿದ್ದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿದರೆ ಸಾಕು.

ಆಸ್ಪತ್ರೆಗೆ ಹೋಗುವ ಮೊದಲು ಮನೆಯಲ್ಲೇ ನೋಡಬೇಕಾದ ಒಂದೆರಡು ಸಂಗತಿಗಳಿವೆ. ಗಿಳಿಯ ತಲೆಯನ್ನು ಗಮನಿಸಿ. ತನ್ನ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲವಾದ್ದರಿಂದ, ತಲೆಯ ಗರಿಗಳು ನೀಟಾಗಿದ್ದು ಎದೆ ಮತ್ತು ತೊಡೆ ಮಾತ್ರ ಬರಿದಾಗಿದ್ದರೆ ಅದು ತಾನೇ ಕಿತ್ತದ್ದು. ತಲೆಯ ಗರಿಯೂ ಉದುರಿದ್ದರೆ ರೋಗವನ್ನೇ ಶಂಕಿಸಬೇಕು. ಬಳಿಕ ಪಂಜರದ ತಳದಲ್ಲಿ ಬಿದ್ದ ಗರಿಗಳನ್ನು ಬೆಳಕಿಗೆ ಹಿಡಿದು ನೋಡಿ. ಸಹಜವಾಗಿ ಉದುರಿದ ಗರಿಯ ಬುಡ ಒಣಗಿ, ಬೆಳ್ಳಗೆ, ನಯವಾಗಿರುತ್ತದೆ. ಕಿತ್ತ ಎಳೆಗರಿಯ ಬುಡದಲ್ಲಿ ಕಪ್ಪುಗೆಂಪು ರಕ್ತ ಒಣಗಿರುತ್ತದೆ, ದಂಟಿನ ಮೇಲೆ ಕೊಕ್ಕು ಒತ್ತಿದ ಗುರುತೂ ಕಾಣಬಹುದು. ಅವುಗಳಲ್ಲಿ ಕೆಲವನ್ನು ಕಾಗದದಲ್ಲಿ ಸುತ್ತಿ ವೈದ್ಯರಿಗೆ ತೋರಿಸಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಪ್ರತಿದಿನ ಬೆಳಿಗ್ಗೆ, ತಿನ್ನುವ ಮೊದಲು, ಗಿಳಿಯನ್ನು ತೂಗಿ ಬರೆದಿಡಿ. ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದರೆ ಅದು ತುರ್ತಿನ ಲಕ್ಷಣ.

ಆಹಾರವನ್ನು ಬದಲಿಸುವುದು ಅನಿವಾರ್ಯ. ಸೂರ್ಯಕಾಂತಿ ಬೀಜದಲ್ಲಿ ಕೊಬ್ಬು ಹೆಚ್ಚು, ಕ್ಯಾಲ್ಸಿಯಂ ಮತ್ತು ಎ ಜೀವಸತ್ವ ತೀರ ಕಡಿಮೆ. ಎ ಜೀವಸತ್ವ ಸಾಲದಿದ್ದರೆ ಚರ್ಮ ಒಣಗಿ ತುರಿಕೆ ಶುರುವಾಗುತ್ತದೆ. ಗಿಳಿಗಳಿಗೆಂದೇ ತಯಾರಾದ ಪೆಲೆಟ್ ಆಹಾರವನ್ನು ಮುಖ್ಯವಾಗಿಟ್ಟುಕೊಂಡು ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಕೆಂಪು ದೊಣ್ಣೆಮೆಣಸಿನಕಾಯಿ, ಬೇಯಿಸಿದ ಗೆಣಸು, ಮೊಳಕೆ ಬಂದ ರಾಗಿ ಮತ್ತು ಹೆಸರುಕಾಳು ಕೊಡಿ. ನಮ್ಮ ರಾಗಿಯಷ್ಟು ಕ್ಯಾಲ್ಸಿಯಂ ಇರುವ ಧಾನ್ಯ ಇನ್ನೊಂದು ಸಿಗುವುದು ಕಷ್ಟ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಉಪ್ಪು ಹಾಕಿದ ಕುರುಕಲು ತಿಂಡಿ ಗಿಳಿಗೆ ವಿಷವೆಂದೇ ತಿಳಿಯಿರಿ. ಬದಲಾವಣೆ ವಾರಗಟ್ಟಲೆ ನಿಧಾನವಾಗಿ ಆಗಬೇಕು. ಹಸಿದರೆ ತಾನಾಗಿ ತಿನ್ನುತ್ತದೆ ಎಂದು ಉಪವಾಸ ಕೆಡವಿದರೆ ಗಿಳಿಯ ಜೀವಕ್ಕೇ ಅಪಾಯ. ಬೆಳಗಿನ ಎಳೆಬಿಸಿಲಿಗೆ ಬಾಲ್ಕನಿಯಲ್ಲಿ ಪಂಜರ ಇಡಿ, ಅರ್ಧ ಭಾಗಕ್ಕೆ ನೆರಳಿರಲಿ. ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಿಂದ ಡಿ ಜೀವಸತ್ವ ಸಿಗುವುದಿಲ್ಲ.

ಪಂಜರದ ಜಾಗವೂ ಬದಲಾಗಬೇಕು. ಒಗ್ಗರಣೆಯ ಘಾಟು, ಸಾಂಬ್ರಾಣಿ, ಅಗರಬತ್ತಿ, ಸೊಳ್ಳೆಬತ್ತಿ, ಸಿಗರೇಟು ಇವುಗಳ ಹೊಗೆ ಹಕ್ಕಿಯ ಶ್ವಾಸಕೋಶಕ್ಕೆ ನಮಗಿಂತ ಹಲವು ಪಟ್ಟು ಹಾನಿಕರ. ನಾನ್‌ಸ್ಟಿಕ್ ತವಾ ಮಿತಿಮೀರಿ ಕಾದಾಗ ಬರುವ, ವಾಸನೆಯೇ ಇಲ್ಲದ ಹೊಗೆ ಕೆಲವೇ ನಿಮಿಷಗಳಲ್ಲಿ ಗಿಳಿಯನ್ನು ಕೊಲ್ಲಬಲ್ಲದು. ಹೀಗಾಗಿ ಅಡುಗೆಮನೆಯಿಂದ ದೂರದ, ಒಂದು ಬದಿಗೆ ಗೋಡೆಯಿರುವ ಜಾಗವನ್ನು ಆರಿಸಿ. ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು. ಟಿವಿಯ ಪಕ್ಕದಲ್ಲಿ ಅದು ಸಿಗುವುದಿಲ್ಲ.

ಈಗ ಕಚ್ಚುವ ವಿಷಯಕ್ಕೆ ಬರುತ್ತೇನೆ. ಆಫ್ರಿಕನ್ ಗ್ರೇ ಗಿಳಿ ಪ್ರಾಯಕ್ಕೆ ಬರುವುದು ಸುಮಾರು ಮೂರರಿಂದ ಐದು ವರ್ಷದ ನಡುವೆ. ಮರಿಯಾಗಿದ್ದಾಗ ಎಲ್ಲರ ಬಳಿಗೂ ಹೋಗುತ್ತಿದ್ದ ಹಕ್ಕಿ ಪ್ರಾಯಕ್ಕೆ ಬಂದಾಗ ಒಬ್ಬರನ್ನು ಸಂಗಾತಿಯೆಂದು ಆರಿಸಿಕೊಳ್ಳುತ್ತದೆ. ಮಗಳು ಹೋದ ಮೇಲೆ ಆ ಸ್ಥಾನ ನಿಮಗೆ ಬಂದಿದೆ, ನಿಮ್ಮ ಪತಿ ಅದರ ಪಾಲಿಗೆ ಎದುರಾಳಿಯಾಗಿದ್ದಾರೆ. ಆದ್ದರಿಂದ ಬೆನ್ನು, ಹೊಟ್ಟೆ, ರೆಕ್ಕೆಯ ಅಡಿ ಸವರುವುದನ್ನು ಇಂದೇ ನಿಲ್ಲಿಸಿ. ನಮಗದು ಮುದ್ದು, ಗಿಳಿಗದು ಕೂಡುವಿಕೆಯ ಕರೆ. ತಲೆ ಮತ್ತು ಕತ್ತು ಮಾತ್ರ ಸವರಬಹುದು. ರಟ್ಟಿನ ಪೆಟ್ಟಿಗೆ, ಸೋಫಾದ ಕೆಳಭಾಗದಂಥ ಕತ್ತಲೆಯ ಮೂಲೆಗಳು ಗೂಡಿನ ಆಸೆಯನ್ನು ಕೆರಳಿಸುತ್ತವೆ, ಅಲ್ಲಿಗೆ ಬಿಡಬೇಡಿ. ಅದಕ್ಕೆ ಅತಿ ಇಷ್ಟವಾದ ತಿಂಡಿ, ಬಾದಾಮಿಯ ಚೂರು ಎಂದಿಟ್ಟುಕೊಳ್ಳೋಣ, ಇನ್ನು ಮುಂದೆ ನಿಮ್ಮ ಪತಿಯ ಕೈಯಿಂದ ಮಾತ್ರ ಸಿಗಲಿ. ಮೊದಲು ಪಂಜರದ ಸರಳಿನ ಆಚೆಯಿಂದ, ನೀವು ಆ ಕೋಣೆಯಲ್ಲಿ ಇಲ್ಲದಿರುವಾಗ.

ಇದ್ದಕ್ಕಿದ್ದಂತೆ ಕಚ್ಚಿತು ಎಂದು ಬಹುತೇಕರು ಹೇಳುತ್ತಾರಾದರೂ ಗಿಳಿ ಮುನ್ಸೂಚನೆ ಕೊಡದೆ ಕಚ್ಚುವುದು ಅಪರೂಪ. ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗುತ್ತಿರುತ್ತದೆ, ಹೆಡತಲೆಯ ಗರಿಗಳು ನಿಮಿರುತ್ತವೆ, ಬಾಲ ಬೀಸಣಿಗೆಯಂತೆ ಅಗಲವಾಗುತ್ತದೆ, ಮೈ ಮುಂದಕ್ಕೆ ಬಾಗಿ ಸೆಟೆದು ನಿಲ್ಲುತ್ತದೆ. ಇವುಗಳಲ್ಲಿ ಯಾವುದು ಕಂಡರೂ ಕೈ ಮುಂದೆ ಚಾಚದೆ ನಿಂತುಬಿಡಿ. ಆ ಸೂಚನೆಗೆ ನಾವು ಬೆಲೆ ಕೊಟ್ಟಷ್ಟೂ ಕೊಕ್ಕಿನ ಬಳಕೆ ಕಡಿಮೆಯಾಗುತ್ತದೆ. ಕಚ್ಚಿಬಿಟ್ಟರೆ ಕೂಗಬೇಡಿ, ಕೊಕ್ಕಿಗೆ ಹೊಡೆಯಬೇಡಿ, ನೀರು ಎರಚಬೇಡಿ. ಮೌನವಾಗಿ ಹತ್ತಿರದ ಕಡ್ಡಿಯ ಮೇಲೆ ಇಳಿಸಿ ಒಂದೆರಡು ನಿಮಿಷ ಬೇರೆಡೆ ನೋಡಿ. ಶಿಕ್ಷೆಯಿಂದ ಗಿಳಿ ಪಾಠ ಕಲಿತದ್ದನ್ನು ನಾನು ನೋಡಿಲ್ಲ, ಭಯ ಕಲಿತದ್ದನ್ನು ಮಾತ್ರ ನೋಡಿದ್ದೇನೆ. ಸದ್ಯಕ್ಕೆ ಭುಜದ ಮೇಲೆ ಕೂರಿಸಿಕೊಳ್ಳುವುದು ಬೇಡ, ಅಲ್ಲಿಂದ ಕೊಕ್ಕು ಕಣ್ಣಿಗೆ ಹತ್ತಿರ. ಒಂದು ಮರದ ಕಡ್ಡಿಯ ತುದಿಯನ್ನು ಕೊಕ್ಕಿನಿಂದ ಮುಟ್ಟಿದಾಗಲೆಲ್ಲ ತಿಂಡಿ ಕೊಡುತ್ತಾ ಹೋದರೆ, ಕೈ ಸೋಕಿಸದೆಯೇ ಗಿಳಿಯನ್ನು ಬೇಕಾದ ಕಡೆಗೆ ಕರೆದೊಯ್ಯಬಹುದು. ದಿನಕ್ಕೆ ಎರಡು ಬಾರಿ, ಐದೈದು ನಿಮಿಷ ಸಾಕು.

ಗರಿ ಕೀಳುವುದಕ್ಕೆ ಎಲ್ಲಕ್ಕಿಂತ ದೊಡ್ಡ ಮದ್ದು ಕೆಲಸ. ಕಾಡಿನ ಗಿಳಿ ಹಗಲಿನ ಬಹುಭಾಗವನ್ನು ಆಹಾರ ಹುಡುಕುವುದರಲ್ಲಿ ಕಳೆಯುತ್ತದೆ. ಬಟ್ಟಲು ತುಂಬಿಟ್ಟ ಮನೆಯ ಗಿಳಿಗೆ ಊಟ ಬೇಗನೆ ಮುಗಿದುಹೋಗುತ್ತದೆ, ಉಳಿದ ಹೊತ್ತೆಲ್ಲ ಕೊಕ್ಕಿಗೆ ತನ್ನ ಮೈಯೇ ಗತಿ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಡುಕಿ ತಿನ್ನುವ ಅವಕಾಶ ಮತ್ತು ಹತ್ತಲು, ಜೋತಾಡಲು ವೈವಿಧ್ಯ ಸಿಕ್ಕ ಎಳೆಯ ಅಮೆಜಾನ್ ಗಿಳಿಗಳಲ್ಲಿ ಗರಿ ಕೀಳುವುದು ಕಡಿಮೆಯಾದದ್ದು ಮಾತ್ರವಲ್ಲ, ಮುಂಚೆಯೇ ತಡೆಯಲೂ ಸಾಧ್ಯವೆಂಬುದು ಕಂಡುಬಂತು. ದುಬಾರಿ ಆಟಿಕೆಗಳು ಬೇಕಿಲ್ಲ. ಬಣ್ಣ, ಅಂಟು ಇಲ್ಲದ ಅಡಿಕೆ ಹಾಳೆಯ ತುಂಡುಗಳಿಗೆ ತೂತು ಮಾಡಿ ಪೋಣಿಸಿ ತೂಗುಹಾಕಿ. ಎಳೆಯ ಮುಸುಕಿನ ಜೋಳವನ್ನು ಸಿಪ್ಪೆ ಸಮೇತ ಕೊಡಿ. ಪೆಲೆಟ್‌ಗಳನ್ನು ಕಾಗದದ ಪೊಟ್ಟಣಗಳಲ್ಲಿ ಕಟ್ಟಿ ತೆಂಗಿನ ಚಿಪ್ಪಿನೊಳಗೆ ತುರುಕಿಡಿ. ಕೂರಲು ಒಂದೇ ದಪ್ಪದ ಪ್ಲಾಸ್ಟಿಕ್ ಕಡ್ಡಿಯ ಬದಲು ಔಷಧ ಸಿಂಪಡಿಸದ ಸೀಬೆಕೊಂಬೆ ಇರಲಿ. ಕಣಗಿಲೆ ಕೊಂಬೆ ಮಾತ್ರ ಬೇಡವೇ ಬೇಡ, ಅದು ವಿಷ. ಬೆಳಗಿನ ಹೊತ್ತು ಬರಿ ನೀರನ್ನು ಮಂಜಿನ ಹನಿಯಂತೆ ಮೇಲಿನಿಂದ ಸಿಂಪಡಿಸಿದರೆ ಗಿಳಿ ಗರಿಗಳನ್ನು ಕೀಳುವ ಬದಲು ನೇವರಿಸಿಕೊಳ್ಳತೊಡಗುತ್ತದೆ. ಹೊಸದೇನನ್ನೇ ತಂದರೂ ಮೊದಲು ದೂರದಲ್ಲಿಟ್ಟು ತೋರಿಸಿ. ಗ್ರೇ ಗಿಳಿಗಳು ಸ್ವಭಾವತಃ ಅಂಜುಬುರುಕ.

ಕೀಳುತ್ತಿರುವಾಗ ಓಡಿಹೋಗಿ ತಡೆಯಬೇಡಿ. ನಿಮ್ಮನ್ನು ಕರೆಸಿಕೊಳ್ಳಲು ಅದೇ ದಾರಿಯೆಂದು ಗಿಳಿ ಬೇಗ ಕಲಿಯುತ್ತದೆ. ಕತ್ತಿನ ಸುತ್ತ ಹಾಕುವ ಪಟ್ಟಿ ಚರ್ಮವನ್ನೇ ಕಚ್ಚಿ ಗಾಯ ಮಾಡಿಕೊಳ್ಳುವ ಹಕ್ಕಿಗೆ ಮಾತ್ರ, ಅದೂ ವೈದ್ಯರು ಹಾಕಿದರೆ. ಕೆಲವು ಹಕ್ಕಿಗಳಿಗೆ ಮನಸ್ಸಿನ ತಳಮಳ ತಗ್ಗಿಸುವ ಔಷಧಿಗಳೂ ಬೇಕಾಗಬಹುದು. ಕಿತ್ತ ಗರಿ ಮತ್ತೆ ಬರಲು ಕೆಲವು ವಾರಗಳು ಬೇಕು, ತುಂಡಾದ ಗರಿ ಮುಂದಿನ ಗರಿ ಬದಲಿಸುವ ಕಾಲದವರೆಗೂ ಹಾಗೆಯೇ ಇರುತ್ತದೆ, ಒಂದೇ ಜಾಗದಲ್ಲಿ ಬಹುಕಾಲ ಕೀಳುತ್ತಿದ್ದರೆ ಅಲ್ಲಿ ಗರಿ ಮತ್ತೆ ಹುಟ್ಟದೆಯೂ ಇರಬಹುದು. ನಿಮ್ಮ ಗಿಳಿಗೆ ಎರಡೇ ತಿಂಗಳಾಗಿರುವುದರಿಂದ ನನಗೆ ಭರವಸೆಯಿದೆ. ಮಗಳು ಪ್ರತಿ ಸಂಜೆ ಒಂದೇ ಹೊತ್ತಿಗೆ ವಿಡಿಯೊ ಕರೆ ಮಾಡಿ ಅದರೊಡನೆ ಮಾತಾಡಲಿ. ಗಿಳಿ ಅದಕ್ಕೆ ಹೇಗೆ ಸ್ಪಂದಿಸುತ್ತದೆ ಎಂದು ನೋಡಿ ಮುಂದುವರಿಸಿ. ವಿದೇಶಿ ಜಾತಿಯ ಹಕ್ಕಿಗಳನ್ನು ನೋಂದಾಯಿಸಬೇಕೆಂದು ಕೇಂದ್ರ ಸರ್ಕಾರ 2024ರಲ್ಲಿ ನಿಯಮ ತಂದಿದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಇನ್ನೂ ಮಾಡಿಸಿಲ್ಲದಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಗಾಳಿಮಳೆಗೆ ಬಿದ್ದ ಹಸಿರು ಗಿಳಿಮರಿಯನ್ನು ತಂದು ಸಾಕಿದೆವು. ಈಗ ಅದರ ತಲೆಯ ಗರಿಗಳೂ ಉದುರುತ್ತಿವೆ, ಮುಟ್ಟಲು ಹೋದರೆ ಕಚ್ಚುತ್ತದೆ. ಬಿಟ್ಟುಬಿಡೋಣವೇ?
ಓದುಗರು, ಹಾಸನ

ಉತ್ತರ: ಹಾಗೆಯೇ ಹಾರಿಬಿಡಬೇಡಿ. ತಲೆಯ ಗರಿ ಉದುರುತ್ತಿರುವುದರಿಂದ ಇದು ಕೊಕ್ಕು ಮತ್ತು ಗರಿಗಳ ವೈರಸ್ ರೋಗವಿರಬಹುದು. ಅದು ಗರಿಯ ಧೂಳಿನಿಂದ, ಹಿಕ್ಕೆಯಿಂದ ಬೇರೆ ಗಿಳಿಗಳಿಗೆ ಹರಡುತ್ತದೆ ಮತ್ತು ಅದನ್ನು ಗುಣಪಡಿಸುವ ಔಷಧವಿಲ್ಲ. ರೋಗವಿಲ್ಲದಿದ್ದರೂ ಕೈಯಲ್ಲಿ ಬೆಳೆದ ಗಿಳಿಗೆ ಹೊರಗೆ ಆಹಾರ ಹುಡುಕುವುದಾಗಲಿ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದಾಗಲಿ ತಿಳಿದಿರುವುದಿಲ್ಲ. ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕರುಣೆಯಿಂದ ತಂದಿದ್ದರೂ ಈಗಲಾದರೂ ಅರಣ್ಯ ಇಲಾಖೆಗೆ ತಿಳಿಸಿ, ಅವರ ಮೂಲಕ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ತಲುಪಿಸಿ. ಒಪ್ಪಿಸುವಾಗ ಮರಿ ಸಿಕ್ಕ ಜಾಗ, ಅದು ತಿನ್ನುವ ಆಹಾರ, ಗರಿ ಉದುರಲು ಶುರುವಾದ ಸಮಯ ಇವನ್ನು ಬರೆದುಕೊಡಿ. ಅಲ್ಲಿನ ವೈದ್ಯರು ಅದನ್ನು ಬೇರೆ ಹಕ್ಕಿಗಳ ಜೊತೆ ಬಿಡಬಹುದೇ ಎಂದು ನಿರ್ಧರಿಸಲು ಆ ವಿವರಗಳು ಬೇಕಾಗುತ್ತವೆ.