ಪ್ರಶ್ನೋತ್ತರ: ಸಕ್ಕರೆ ಪಾಕದಿಂದ ಸಲೈನ್ ಬಾಟಲಿಯವರೆಗೆ

ಪ್ರಶ್ನೆ: ಬರ್ಫಿಗೆಂದು ಅರ್ಧ ಕಿಲೋ ಸಕ್ಕರೆಗೆ ಕಾಲು ಲೀಟರ್ ನೀರು ಹಾಕಿ ಪಾಕಕ್ಕಿಟ್ಟು, ಅಡುಗೆಯ ಥರ್ಮಾಮೀಟರ್ ಇಳಿಸಿ ನೋಡಿದೆ. ಕುದಿ ಬಂದಾಗ 103 ಡಿಗ್ರಿ ಸೆಲ್ಸಿಯಸ್ ಇದ್ದದ್ದು, ಕುದಿಯುತ್ತಲೇ ಏರಿ 112ಕ್ಕೆ ಹೋಯಿತು. ಕುದಿಯುವಷ್ಟು ಹೊತ್ತೂ ದ್ರವದ ಉಷ್ಣತೆ ಬದಲಾಗುವುದಿಲ್ಲವೆಂದು ಶಾಲೆಯಲ್ಲಿ ಕಲಿತಿದ್ದೆವು. ತಪ್ಪಿದ್ದು ಥರ್ಮಾಮೀಟರೋ, ಪಾಠವೋ? (ಉಡುಪಿಯ ಓದುಗರು)

ಉತ್ತರ: ಎರಡೂ ತಪ್ಪಿಲ್ಲ. ಶಾಲೆಯ ಪಾಠ ಶುದ್ಧ ದ್ರವಕ್ಕೆ ಸಂಬಂಧಿಸಿದ್ದು. ನಿಮ್ಮ ಬಾಣಲೆಯಲ್ಲಿದ್ದದ್ದು ದ್ರಾವಣ. ನೀರು ಇಲ್ಲಿ ದ್ರಾವಕ, ಅದರಲ್ಲಿ ಕರಗಿದ ಸಕ್ಕರೆ ದ್ರಾವ್ಯ. ನೀರಿನ ಅಣುಗಳು ಮೇಲ್ಮೈಯಿಂದ ಸದಾ ಆವಿಯಾಗಿ ಹೊರಬೀಳುತ್ತಿರುತ್ತವೆ. ಆ ಆವಿಯ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕೆ ಸಮವಾದಾಗ ನೀರು ಕುದಿಯುತ್ತದೆ. ಸಕ್ಕರೆಯ ಅಣುಗಳು ಆವಿಯಾಗುವುದಿಲ್ಲ. ಅವು ನೀರಿನೊಡನೆ ಬೆರೆತಾಗ ಹೊರಬೀಳುವ ನೀರಿನ ಅಣುಗಳ ಪ್ರಮಾಣ ಇಳಿಯುತ್ತದೆ, ಆವಿಯ ಒತ್ತಡವೂ ಇಳಿಯುತ್ತದೆ. ಅದನ್ನು ಮತ್ತೆ ಗಾಳಿಯ ಒತ್ತಡದ ಮಟ್ಟಕ್ಕೆ ತರಲು ಹೆಚ್ಚು ಕಾಯಿಸಬೇಕು. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿದ್ದ ಫ್ರಾನ್ಸ್ವಾ ಮಾರಿ ರಾವುಲ್ 1880ರ ದಶಕದಲ್ಲಿ ಹಲವಾರು ದ್ರಾವಣಗಳನ್ನು ಅಳೆದು, ಈ ಇಳಿಕೆ ದ್ರಾವ್ಯದ ಅಣುಗಳ ಸಂಖ್ಯೆಯನ್ನು ಅವಲಂಬಿಸಿದೆ, ಅದು ಯಾವ ವಸ್ತು ಎಂಬುದನ್ನಲ್ಲ ಎಂದು ತೋರಿಸಿದರು. ಕುದಿಯುವ ಬಿಂದು ಏರುವುದು, ಹೆಪ್ಪುಗಟ್ಟುವ ಬಿಂದು ಇಳಿಯುವುದು, ಅಭಿಸರಣೆಯ (ಪೊರೆಯ ಮೂಲಕ ನೀರು ಗಾಢ ದ್ರಾವಣದತ್ತ ಹಾಯುವುದರ) ಒತ್ತಡ, ಇವೆಲ್ಲ ಈ ಒಂದೇ ಎಣಿಕೆಯಿಂದ ಹುಟ್ಟುವುದರಿಂದ ಪುಸ್ತಕಗಳು ಇವನ್ನು ಒಟ್ಟಾಗಿ ಕಲಿಗೇಟಿವ್ ಗುಣಗಳೆಂದು ಕರೆಯುತ್ತವೆ.

ಕಣಗಳನ್ನು ಎಣಿಸುವ ಅಳತೆ ಮೋಲ್; ವಸ್ತು ಯಾವುದಾದರೂ ಒಂದು ಮೋಲ್‌ನಲ್ಲಿ ಕಣಗಳ ಸಂಖ್ಯೆ ಒಂದೇ. ಒಂದು ಕಿಲೋ ನೀರಿನಲ್ಲಿ ಒಂದು ಮೋಲ್, ಅಂದರೆ 342 ಗ್ರಾಂ, ಸಕ್ಕರೆ ಕರಗಿದರೆ ಕುದಿಯುವ ಬಿಂದು ಸುಮಾರು 0.51 ಡಿಗ್ರಿ ಏರುತ್ತದೆ. ನಿಮ್ಮ ಅಳತೆಯಲ್ಲಿ ಕಿಲೋ ನೀರಿಗೆ ಎರಡು ಕಿಲೋ ಸಕ್ಕರೆ ಬಿದ್ದಂತಾಯಿತು, ಅದು ಆರು ಮೋಲ್‌ಗೆ ಸ್ವಲ್ಪ ಕಡಿಮೆ. ಆದ್ದರಿಂದಲೇ ಮೊದಲ ಕುದಿಯಲ್ಲಿ ನಿಮಗೆ 103 ಕಂಡಿತು. ಅಲ್ಲಿಂದ ಮುಂದೆ ಆವಿಯಾಗಿ ಹೋಗುವುದು ನೀರು ಮಾತ್ರ. ಸಕ್ಕರೆ ಅಷ್ಟೂ ಉಳಿಯುತ್ತದೆ. ಕ್ಷಣಕ್ಷಣಕ್ಕೂ ದ್ರಾವಣ ಗಾಢವಾಗುತ್ತದೆ, ಕುದಿಯುವ ಬಿಂದು ಅದರೊಂದಿಗೆ ಮೇಲೇರುತ್ತದೆ. 112 ಡಿಗ್ರಿ ತೋರಿದ ಹೊತ್ತಿಗೆ ನೀವು ಹಾಕಿದ ಕಾಲು ಲೀಟರ್ ನೀರಿನಲ್ಲಿ ಉಳಿದಿದ್ದದ್ದು ಸುಮಾರು 90 ಗ್ರಾಂ ಮಾತ್ರ. (ಇಷ್ಟು ಗಾಢವಾದ ಪಾಕದಲ್ಲಿ 0.51ರ ಸರಳ ಲೆಕ್ಕ ಕೈಕೊಡುತ್ತದೆ, ಏರಿಕೆ ಅದಕ್ಕಿಂತ ಹೆಚ್ಚಿರುತ್ತದೆ. ಆ ಲೆಕ್ಕ ತೆಳುವಾದ ದ್ರಾವಣಗಳಿಗೆ ಹೇಳಿದ್ದು.)

ಹೀಗಾಗಿ ಪಾಕದಲ್ಲಿಟ್ಟ ಥರ್ಮಾಮೀಟರ್ ವಾಸ್ತವವಾಗಿ ನೀರೆಷ್ಟು ಉಳಿದಿದೆ ಎಂಬುದನ್ನು ಅಳೆಯುತ್ತಿದೆ. ಅಡುಗೆಮನೆಯಲ್ಲಿ ಹಿರಿಯರು ಇದನ್ನೇ ಬೆರಳಿನಿಂದ ಅಳೆಯುತ್ತಾರೆ. ಸೌಟಿನ ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಕಡಿಯದೆ ನಿಲ್ಲುವ ಎಳೆ ಒಂದೆಳೆ ಪಾಕ. ಇನ್ನೂ ಕಾಯಿಸಿ ತಟ್ಟೆಯ ತಣ್ಣೀರಿಗೆ ಬಿಟ್ಟಾಗ ಹನಿ ಕರಗದೆ, ಬೆರಳಿನಿಂದ ಉರುಳಿಸಿದರೆ ಮೆತ್ತಗೆ ಗುಂಡಗಾಗುವುದು ಉಂಡೆ ಪಾಕ. ಥರ್ಮಾಮೀಟರ್ ಇಲ್ಲದೆ ಎರಡು ಮೂರು ಡಿಗ್ರಿಯ ವ್ಯತ್ಯಾಸವನ್ನು ಹಿಡಿಯುವ ಈ ಪರೀಕ್ಷೆಗಳನ್ನು ನಾನು ಪ್ರಯೋಗಶಾಲೆಯ ವಿಧಾನಗಳಷ್ಟೇ ಗೌರವದಿಂದ ಕಾಣುತ್ತೇನೆ.

ಪ್ರಶ್ನೆ: ಹಾಗಿದ್ದರೆ ಬೇಳೆ ಬೇಯಿಸುವ ನೀರಿಗೆ ಮೊದಲೇ ಉಪ್ಪು ಹಾಕಿದರೆ, ನೀರು ಹೆಚ್ಚು ಬಿಸಿಯಾಗಿ ಬೇಳೆ ಬೇಗ ಬೇಯಬೇಕಲ್ಲವೇ? (ಬೆಂಗಳೂರಿನ ಓದುಗರು)

ಉತ್ತರ: ತರ್ಕ ಸರಿಯಾಗಿದೆ, ಪ್ರಮಾಣ ಸಾಲದು. ಒಂದು ಲೀಟರ್ ನೀರಿಗೆ ಒಂದು ಚಮಚ, ಅಂದರೆ ಸುಮಾರು ಆರು ಗ್ರಾಂ ಉಪ್ಪು ಹಾಕಿದರೆ ಕುದಿಯುವ ಬಿಂದು ಏರುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಿಮ್ಮ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆ ಮೂರು ಡಿಗ್ರಿಯ ನಷ್ಟವನ್ನು ಉಪ್ಪಿನಿಂದ ತುಂಬಿಸಲು ಹೊರಟರೆ ಸಾರು ಬಾಯಿಗಿಡಲಾಗದು. ಕುಕ್ಕರ್ ಈ ಕೆಲಸವನ್ನು ಒತ್ತಡ ಹೆಚ್ಚಿಸಿ ಮಾಡುತ್ತದೆ, ಅದರೊಳಗೆ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ನಿಮ್ಮ ಬೇಳೆ ಬೇಯಲು ತಡವಾಗುತ್ತಿದ್ದರೆ ಬೋರ್‌ವೆಲ್ಲಿನ ಗಡಸು ನೀರನ್ನು ಮೊದಲು ಅನುಮಾನಿಸಿ.

ಪ್ರಶ್ನೆ: ಕುಲ್ಫಿ ಮಾರುವವರು ಅಚ್ಚುಗಳ ಸುತ್ತ ಐಸಿನ ಚೂರುಗಳನ್ನು ತುಂಬಿ ಮೇಲೆ ಹರಳುಪ್ಪು ಸುರಿಯುತ್ತಾರೆ. ಉಪ್ಪು ಐಸನ್ನು ಕರಗಿಸುತ್ತದೆ. ಕರಗಿದರೆ ತಂಪು ಕಡಿಮೆಯಾಗಬೇಕಲ್ಲವೇ? (ಹುಬ್ಬಳ್ಳಿಯ ವಿದ್ಯಾರ್ಥಿನಿ)

ಉತ್ತರ: ಕರಗುವುದರಿಂದಲೇ ತಂಪಾಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಐಸಿನಿಂದ ಅಣುಗಳು ಬಿಡಿಸಿಕೊಂಡು ನೀರಾಗುವುದೂ ನೀರಿನ ಅಣುಗಳು ಐಸಿಗೆ ಮರಳುವುದೂ ಸಮಸಮವಾಗಿರುತ್ತವೆ. ಉಪ್ಪು ಬಿದ್ದ ಕೂಡಲೇ ಐಸಿನ ಮೇಲಿನ ತೆಳುವಾದ ನೀರಿನ ಪದರ ಉಪ್ಪುನೀರಾಗುತ್ತದೆ, ಮರಳುವ ಅಣುಗಳು ಕಡಿಮೆಯಾಗುತ್ತವೆ, ಕರಗುವುದು ಮಾತ್ರ ನಡೆದೇ ಇರುತ್ತದೆ. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ತನ್ನ ಸುತ್ತಲಿನ ಐಸು, ಉಪ್ಪುನೀರು ಮತ್ತು ಅಚ್ಚಿನೊಳಗಿನ ಹಾಲಿನಿಂದಲೇ ಕಿತ್ತುಕೊಳ್ಳುತ್ತದೆ. ಮೂರು ಪಾಲು ಐಸಿಗೆ ಒಂದು ಪಾಲು ಉಪ್ಪು ಚೆನ್ನಾಗಿ ಬೆರೆತರೆ ಉಷ್ಣತೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಇಳಿಯಬಲ್ಲದು. ಕುಲ್ಫಿಗೆ ಇದು ಬೇಕೇ ಬೇಕು, ಏಕೆಂದರೆ ಸಕ್ಕರೆ ಹಾಕಿ ಬತ್ತಿಸಿದ ಹಾಲು ಸ್ವತಃ ಒಂದು ದ್ರಾವಣ, ಅದು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಬರಿಯ ಐಸಿನಲ್ಲಿ ಇಡೀ ದಿನ ಇಟ್ಟರೂ ಅದು ತಣ್ಣನೆಯ ಹಾಲಾಗಿಯೇ ಇರುತ್ತದೆ.

ಪ್ರಶ್ನೆ: ಆಸ್ಪತ್ರೆಯಲ್ಲಿ ತಂದೆಯವರಿಗೆ ಹಾಕಿದ ಡ್ರಿಪ್‌ನ ಒಂದು ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.9 ಶೇಕಡಾ ಎಂದೂ ಇನ್ನೊಂದರ ಮೇಲೆ ಡೆಕ್ಸ್‌ಟ್ರೋಸ್ 5 ಶೇಕಡಾ ಎಂದೂ ಇತ್ತು. ಎರಡೂ ರಕ್ತಕ್ಕೇ ಹೋಗುವಾಗ ಇಷ್ಟೊಂದು ವ್ಯತ್ಯಾಸವೇಕೆ? (ದಾವಣಗೆರೆಯ ಓದುಗರು)

ಉತ್ತರ: ತೂಕ ಬಿಟ್ಟು ಕಣಗಳನ್ನು ಎಣಿಸಿ ನೋಡಿ. ಒಂದು ಲೀಟರ್ ಸಲೈನ್‌ನಲ್ಲಿ ಒಂಬತ್ತು ಗ್ರಾಂ ಉಪ್ಪಿದೆ, ಅದು 0.154 ಮೋಲ್. ಉಪ್ಪು ನೀರಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಕಣಗಳಾಗಿ, ಒಡೆಯುವುದರಿಂದ ಕಣಗಳ ಸಂಖ್ಯೆ ಎರಡರಷ್ಟಾಗಿ 0.308 ಮೋಲ್ ಆಗುತ್ತದೆ. (ಕರಗಿದ ಉಪ್ಪು ಹೀಗೆ ಒಡೆದಿರುತ್ತದೆ ಎಂದು 1884ರ ತಮ್ಮ ಪ್ರಬಂಧದಿಂದ ಮೊದಲ್ಗೊಂಡು ವಾದಿಸಿದ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಅವರನ್ನು ಆರಂಭದಲ್ಲಿ ನಂಬಿದವರು ಕಡಿಮೆ; 1903ರಲ್ಲಿ ಅವರಿಗೆ ನೊಬೆಲ್ ಬಂತು.) ಡೆಕ್ಸ್‌ಟ್ರೋಸ್ ಎಂದರೆ ಗ್ಲೂಕೋಸ್, ಅದು ಒಡೆಯುವುದಿಲ್ಲ, ಅದರ ಒಂದು ಮೋಲ್ 180 ಗ್ರಾಂ ತೂಗುತ್ತದೆ. ಲೀಟರಿಗೆ 50 ಗ್ರಾಂ ಎಂದರೆ ಸುಮಾರು 0.278 ಮೋಲ್. ನಮ್ಮ ರಕ್ತದ ದ್ರವದಲ್ಲಿ ಕರಗಿರುವ ಕಣಗಳ ಒಟ್ಟು ಪ್ರಮಾಣವೂ ಲೀಟರಿಗೆ ಸುಮಾರು 0.29 ಮೋಲ್.

ಕೆಂಪು ರಕ್ತಕಣದ ಪೊರೆ ನೀರನ್ನು ಸುಲಭವಾಗಿ ಹಾಯಗೊಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ಹೊರಗೆ ಬರಿಯ ನೀರಿದ್ದರೆ ಅದು ಒಳನುಗ್ಗಿ ಕಣ ಊದಿ ಒಡೆಯುತ್ತದೆ. ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಹೊರಬಂದು, ಉಪ್ಪಿಗೆ ಹಾಕಿದ ಮಾವಿನ ಮಿಡಿಯಂತೆ ಕಣ ಸುಕ್ಕುಗಟ್ಟುತ್ತದೆ. ನೀವು ಕಂಡ ಎರಡು ಬಾಟಲಿಗಳೂ ರಕ್ತದೊಳಗೆ ಬೀಳುವ ಹೊತ್ತಿನಲ್ಲಿ ಈ ಎರಡೂ ಆಗದಂತೆ, ತೂಕದಲ್ಲಿ ಬೇರೆಯಾಗಿ, ಎಣಿಕೆಯಲ್ಲಿ ಹೆಚ್ಚುಕಡಿಮೆ ಒಂದೇ ಆಗಿ ತಯಾರಾದವು.