ಅಮ್ಮನಿಗೆ ಅಲ್ಝೈಮರ್ ಇದ್ದರೆ ಮಗಳಿಗೆ ಜೀನ್ ಪರೀಕ್ಷೆ ಬೇಕೇ?

ನಿಮ್ಮ ಅಮ್ಮನಿಗೆ ಮರೆವು ಶುರುವಾದದ್ದು 74ಕ್ಕೆ ಎಂದಾದರೆ ಒಂದೇ ಜೀನಿನ ದೋಷದಿಂದ ಬಂದಿರುವುದು ತೀರಾ ಅಪರೂಪ. ವಯಸ್ಸೇ ದೊಡ್ಡ ಕಾರಣ, ಜೊತೆಗೆ ಎಪಿಒಇ ಜೀನಿನ ಇ4 ರೂಪ ಇದ್ದಿರಬಹುದು. ಇ4 ಒಂದು ಪ್ರತಿ ಇದ್ದರೆ ಅಪಾಯ ಸುಮಾರು 2-3 ಪಟ್ಟು, ಎರಡಿದ್ದರೆ 8-12 ಪಟ್ಟು. ಈ ಲೆಕ್ಕ ಹೆಚ್ಚಾಗಿ ಯುರೋಪ್ ಮೂಲದವರದ್ದು, ನಮ್ಮವರಿಗೆ ಹಾಗೆಯೇ ಹೊಂದುತ್ತದೆ ಎನ್ನಲಾಗದು. ಇ4 ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರುತ್ತದೆ.

ಮೊದಲು ಮೂರು ತಲೆಮಾರಿನ ಪಟ್ಟಿ ಬರೆಯಿರಿ. ಯಾರಿಗೆ, ಎಷ್ಟನೇ ವಯಸ್ಸಿಗೆ? ಡಾಕ್ಟರು ಹೇಳಿದ ವರ್ಷವಲ್ಲ, ಮನೆಯವರಿಗೆ ಗೊತ್ತಾದ ವರ್ಷ ಬೇಕು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆಗಳಲ್ಲಿ ಅಜ್ಜಿಯ ಕಡೆಯದ್ದು ಎಲ್ಲರಿಗೂ ನೆನಪಿರುತ್ತದೆ, ಅಮ್ಮನ ತಂದೆಯ ಕಡೆ ಬಿಟ್ಟುಹೋಗುತ್ತದೆ. ಅಲ್ಲಿಯೂ ವಿಚಾರಿಸಿ.

65ರೊಳಗೆ ಶುರುವಾದವರು ಎರಡು ತಲೆಮಾರಿನಲ್ಲಿ ಸಿಕ್ಕಿದರೆ ಆ ಪಟ್ಟಿ ಹಿಡಿದು ಮಣಿಪಾಲ ಕೆಎಂಸಿಯ ಮೆಡಿಕಲ್ ಜೆನೆಟಿಕ್ಸ್ ವಿಭಾಗಕ್ಕೆ ಹೋಗಿ. ನೋಡಬೇಕಾದ ಜೀನುಗಳು ಎಪಿಪಿ, ಪಿಎಸ್‌ಇಎನ್1, ಪಿಎಸ್‌ಇಎನ್2. ಇವುಗಳಲ್ಲಿ ದೋಷವಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಶೇ. 50. ರಕ್ತ ಮೊದಲು ಕಾಯಿಲೆ ಇದ್ದವರದ್ದು, ಆಮೇಲೆ ನಿಮ್ಮದು. ಅವರಲ್ಲಿರುವ ದೋಷ ಯಾವುದೆಂದು ತಿಳಿಯದೆ ನಿಮಗೆ ಸಿಗುವ ‘ಏನೂ ಇಲ್ಲ’ ಎಂಬ ರಿಪೋರ್ಟನ್ನು ನಂಬುವಂತಿಲ್ಲ.

65ರೊಳಗೆ ಶುರುವಾದವರು ಹಾಗೆ ಯಾರೂ ಇಲ್ಲವೇ? ಹಾಗಾದರೆ ಎಪಿಒಇ ಪರೀಕ್ಷೆಗೆ ದುಡ್ಡು ಹಾಕಬೇಡಿ. ಮರೆವಿನ ಅಪಾಯ ತಗ್ಗಿಸಲು ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿವಿ ಕೇಳಿಸುವುದು, ಈ ನಾಲ್ಕನ್ನು ಈಗಲೇ ತೋರಿಸಿಕೊಳ್ಳಿ.