ಎರಡನೇ ಮಾತ್ರೆ ಬರೆದುಕೊಟ್ಟರೆ ಕಾಯಿಲೆ ಬಲಿತಿದೆ ಅಂತಲಾ?

ಮಲೆನಾಡಿನ ಓದುಗರೊಬ್ಬರ ಪತ್ರ ನಾಲ್ಕು ಪುಟ ಇದೆ. ಸಾರ ಇಷ್ಟು:

"ನನಗೆ 48 ವರ್ಷ. ಖಿನ್ನತೆಗೆ ಐದು ತಿಂಗಳಿಂದ ಎಸಿಟಲೋಪ್ರಾಂ 10 ಮಿಲಿಗ್ರಾಂ ತಗೊಳ್ತಾ ಇದ್ದೇನೆ. ಅಳು ನಿಂತಿದೆ. ಆದರೆ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ರುಚಿಸಲ್ಲ, ಅಡಿಕೆ ಸುಲಿಯಲು ಕೂತರೆ ಕೈ ಏಳಲ್ಲ. ಈಗ ಡಾಕ್ಟ್ರು ರಾತ್ರಿಗೆ ಮಿರ್ಟಜಪೀನ್ ಸೇರಿಸಿದ್ದಾರೆ. ಚೀಟಿ ಹಾಗೇ ಇದೆ, ಮಾತ್ರೆ ತಂದಿಲ್ಲ. ಎರಡೆರಡು ಅಂದರೆ ಕಾಯಿಲೆ ಬಲಿತಿದೆ ಅಂತಲೇ ಅರ್ಥ ಅಂತಾಳೆ ನನ್ನ ಓರಗಿತ್ತಿ. ಸೇರಿಸೋದು ಬೇಡ, ಹಳೇದನ್ನು ಬಿಟ್ಟು ಬೇರೆ ಶುರು ಮಾಡು ಅಂತಾನೆ ಮಗ. ಯಾರ ಮಾತು ಕೇಳಲಿ? ದಯವಿಟ್ಟು ಹೆಸರು ಹಾಕಬೇಡಿ."

ನಮಸ್ಕಾರ.

ನಾನು ಡಾಕ್ಟರ್ ಅಲ್ಲ. ಆದರೆ ಈ ಮಾತ್ರೆಗಳನ್ನು ನುಂಗಿದವನು. ಹಾಗಾಗಿ ಓರಗಿತ್ತಿಯ ಮಾತನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮೊದಲ ಮಾತ್ರೆ ಪೂರ್ತಿ ಕೈ ಹಿಡಿಯದಿರುವುದು ತೀರಾ ಮಾಮೂಲಿ. ಅಮೆರಿಕದಲ್ಲಿ 'ಸ್ಟಾರ್ ಡಿ' ಅಂತ ಒಂದು ದೊಡ್ಡ ಅಧ್ಯಯನ ನಡೆಯಿತು. 2006ರಲ್ಲಿ ಫಲಿತಾಂಶ ಬಂತು. ನಾಲ್ಕು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಎಲ್ಲರಿಗೂ ಮೊದಲು ಕೊಟ್ಟದ್ದು ಸಿಟಲೋಪ್ರಾಂ. ನಿಮ್ಮ ಎಸಿಟಲೋಪ್ರಾಂ ಹುಟ್ಟಿದ್ದೇ ಅದರಿಂದ. ಆ ಒಂದೇ ಮಾತ್ರೆಯಿಂದ ಖಿನ್ನತೆಯ ಲಕ್ಷಣಗಳು ಬಹುಮಟ್ಟಿಗೆ ಹೋದದ್ದು ಸುಮಾರು ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದ ಇಬ್ಬರು ನಿಮ್ಮ ಸಾಲಿನವರು. ಅವರೆಲ್ಲರ ಕಾಯಿಲೆ 'ಬಲಿತಿತ್ತು' ಅಂತಲ್ಲ.

ಇನ್ನು ಮಗನ ಮಾತು. ಅದೇ ಅಧ್ಯಯನದ ಎರಡನೇ ಹಂತದಲ್ಲಿ ಕೆಲವರಿಗೆ ಮಾತ್ರೆ ಬದಲಿಸಿದರು. ಸರ್ಟ್ರಲೀನ್, ಬ್ಯುಪ್ರೊಪಿಯಾನ್, ವೆನ್ಲಾಫಾಕ್ಸೀನ್ ಮೂರರಲ್ಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ಚೇತರಿಸಿಕೊಂಡರು. ಯಾವುದೂ ಇನ್ನೊಂದಕ್ಕಿಂತ ಮೇಲಾಗಲಿಲ್ಲ. ಇನ್ನು ಕೆಲವರಿಗೆ ಹಳೆಯದರ ಜತೆಗೆ ಇನ್ನೊಂದನ್ನು ಸೇರಿಸಿದರು. ಅಲ್ಲಿ ಸುಮಾರು 30 ಶೇಕಡಾ. ಹಾಗಾದರೆ ಸೇರಿಸುವುದೇ ಒಳ್ಳೆಯದು ಅನ್ನಬೇಡಿ. ಯಾವುದು ಬೇಕು, ಯಾವುದು ಬೇಡ ಅಂತ ಹೇಳುವ ಅವಕಾಶ ರೋಗಿಗಳಿಗೇ ಇತ್ತು. ಮೊದಲ ಮಾತ್ರೆಯಿಂದ ಸ್ವಲ್ಪ ಗುಣ ಕಂಡವರು ಅದನ್ನು ಬಿಡಲು ಒಪ್ಪಲಿಲ್ಲ. ಏನೂ ಕಾಣದವರು, ಹೊಟ್ಟೆ ತೊಳಸಿ ಬೇಸತ್ತವರು ಬದಲಿಸಿಕೊಂಡರು. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

ಇದನ್ನು ಸರಿಯಾಗಿ ತೂಗಿ ನೋಡಿದ ಅಧ್ಯಯನವೂ ಇದೆ. ಅಮೆರಿಕದ 1,522 ಮಾಜಿ ಸೈನಿಕರ ಮೇಲೆ ನಡೆದು, 2017ರಲ್ಲಿ ಪ್ರಕಟವಾದದ್ದು. ಯಾರಿಗೆ ಏನು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಬದಲಿಸಿಕೊಂಡವರಲ್ಲಿ 22 ಶೇಕಡಾ, ಬ್ಯುಪ್ರೊಪಿಯಾನ್ ಸೇರಿಸಿದವರಲ್ಲಿ 27, ಅರಿಪಿಪ್ರಜೋಲ್ ಸೇರಿಸಿದವರಲ್ಲಿ 29 ಶೇಕಡಾ ಮಂದಿ 12 ವಾರದಲ್ಲಿ ಚೇತರಿಸಿಕೊಂಡರು. ವ್ಯತ್ಯಾಸ ಇದೆ, ಆದರೆ ಸಣ್ಣದು. ಅರಿಪಿಪ್ರಜೋಲ್ ತಗೊಂಡವರಲ್ಲಿ ಕೂತಲ್ಲಿ ಕೂರಲಾಗದ ಚಡಪಡಿಕೆ, ತೂಕ ಏರುವುದು ಜಾಸ್ತಿ ಕಂಡಿತು.

ನಿಮಗೆ ಬರೆದುಕೊಟ್ಟ ಮಿರ್ಟಜಪೀನ್ ವಿಷಯದಲ್ಲಂತೂ ವಿಜ್ಞಾನಿಗಳಲ್ಲೇ ಒಮ್ಮತ ಇಲ್ಲ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಒಂದು ಮಾತ್ರೆಯಿಂದ ಸಾಕಷ್ಟು ಗುಣವಾಗದ 480 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಮಿರ್ಟಜಪೀನ್, ಉಳಿದರ್ಧಕ್ಕೆ ಔಷಧವೇ ಇಲ್ಲದ ಸಪ್ಪೆ ಮಾತ್ರೆ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ 39 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಈ ಬಗೆಯ ಜೋಡಿ ಒಂಟಿ ಮಾತ್ರೆಗಿಂತ ಮೇಲು ಎಂದರು. ಹಾಗಾದರೆ ನಿಮ್ಮ ಡಾಕ್ಟ್ರು ಇದನ್ನೇ ಯಾಕೆ ಬರೆದರು? ನನ್ನ ಊಹೆ ಇಷ್ಟೇ: ಮಿರ್ಟಜಪೀನ್ ನಿದ್ದೆ ತರಿಸುತ್ತದೆ, ಹಸಿವು ಹುಟ್ಟಿಸುತ್ತದೆ. ನಿಮಗೆ ಎರಡೂ ಇಲ್ಲ. ಮೊದಲೇ ತೂಕ ಜಾಸ್ತಿ ಇದ್ದವರಿಗೆ, ಮಧ್ಯಾಹ್ನವೂ ತೂಕಡಿಸುವವರಿಗೆ ಬಹುಶಃ ಬೇರೇನೋ ಬರೆಯುತ್ತಿದ್ದರು. ಇಲ್ಲಿ ಆಯ್ಕೆ ಆಗುವುದು ಬಹಳ ಸಲ ಹೀಗೇ. ಯಾವ ಮಾತ್ರೆ 'ಸ್ಟ್ರಾಂಗ್' ಅಂತ ನೋಡಿ ಅಲ್ಲ, ಯಾವುದರ ಅಡ್ಡಪರಿಣಾಮ ನಿಮಗೆ ಉಪಕಾರಕ್ಕೆ ಬರುತ್ತದೆ ಅಂತ ನೋಡಿ.

ಸಾಮಾನ್ಯವಾಗಿ ಡಾಕ್ಟರುಗಳು ಹೇಳುವ ಲೆಕ್ಕ ಸರಳ. ಸರಿಯಾದ ಡೋಸಿನಲ್ಲಿ ನಾಲ್ಕಾರು ವಾರ ಕಳೆದರೂ ಎಳ್ಳಷ್ಟೂ ಗುಣ ಇಲ್ಲ, ಅಥವಾ ಮಾತ್ರೆ ಒಗ್ಗುತ್ತಿಲ್ಲ ಅಂದರೆ ಬದಲಿಸು. ಅರ್ಧ ಗುಣ ಕಂಡಿದೆ, ಒಗ್ಗಿದೆ ಅಂದರೆ ಅದನ್ನು ಇಟ್ಟುಕೊಂಡು ಸೇರಿಸು. ನಿಮಗೆ ಅಳು ನಿಂತಿದೆ. ಅದು ಸಣ್ಣ ಸಂಗತಿಯಲ್ಲ. ಮಗ ಹೇಳಿದ ಹಾಗೆ ಎಲ್ಲ ಬಿಟ್ಟು ಹೊಸದಾಗಿ ಶುರು ಮಾಡಿದರೆ, ಗಳಿಸಿದ್ದನ್ನೂ ಕಳೆದುಕೊಳ್ಳುವ ಭಯ ಇರುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಿಜ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ ಅಲ್ಲ. ಮೂರನೇ ಪುಟದಲ್ಲಿ ನೀವು ಸುಮ್ನೆ ಹೇಳಿ ಮುಂದೆ ಹೋದ ಎರಡು ಸಾಲು.

ಒಂದು, "ಸೋಮವಾರ ಉಪವಾಸ, ಅವತ್ತು ನೀರು ಬಿಟ್ಟು ಏನೂ ಇಲ್ಲ, ಮಾತ್ರೆಯೂ ಇಲ್ಲ. ಮಂಗಳವಾರ ಯಾಕೋ ತಲೆ ಸುತ್ತು ಬರುತ್ತದೆ." ಎಸಿಟಲೋಪ್ರಾಂ ಸುಮಾರು 30 ಗಂಟೆಯಲ್ಲಿ ದೇಹದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಒಂದು ದಿನ ಬಿಟ್ಟರೆ ಆ ತಲೆಸುತ್ತು ಅದರದ್ದೇ ಇರಬಹುದು. ಬರೀ ಹೊಟ್ಟೆಯದ್ದೂ ಇರಬಹುದು. ಏನೇ ಇರಲಿ, ವಾರಕ್ಕೊಂದು ದಿನ ಬಿಟ್ಟ ಮಾತ್ರೆಯನ್ನು 'ಕೆಲಸ ಮಾಡಲಿಲ್ಲ' ಅಂತ ಪೂರ್ತಿ ದೂರುವ ಹಾಗಿಲ್ಲ, ಅಲ್ವಾ? ಈ ವಿಷಯ ಡಾಕ್ಟರಿಗೆ ಹೇಳಿದ್ದೀರಾ? ಪತ್ರ ಓದಿದರೆ ಹೇಳಿದ ಹಾಗೆ ಕಾಣುವುದಿಲ್ಲ. ಗೊತ್ತಾದರೆ ಅವರು ಮೊದಲು ವಾರಪೂರ್ತಿ ತಗೊಳ್ಳಿ ಅನ್ನಬಹುದು, ಅಥವಾ 10 ಮಿಲಿಗ್ರಾಂ ಅನ್ನೇ ಏರಿಸಿ ನೋಡೋಣ ಅನ್ನಬಹುದು. ನಿಮ್ಮ ವಯಸ್ಸಿನವರಿಗೆ 20ರವರೆಗೆ ಹೋಗಲು ಜಾಗ ಇದೆ. ನೀವೇ ಏರಿಸಬೇಡಿ, ಅಷ್ಟೇ. ಎಸಿಟಲೋಪ್ರಾಂ ನುಂಗಲು ಊಟ ಆಗಿರಲೇಬೇಕು ಅಂತೇನಿಲ್ಲ. ಸೋಮವಾರ ನೀರು ಕುಡಿಯುತ್ತೀರಲ್ಲ, ಅದರ ಜತೆಗೇ ಹೋಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಆಗಾಗ ತರಿಸಿ ನುಂಗುತ್ತೀರಿ ಅಂತ ಒಂದು ಖಾಲಿ ಸ್ಟ್ರಿಪ್ ಕಳಿಸಿದ್ದೀರಿ. ಅದರಲ್ಲಿ ಟ್ರಮಡಾಲ್ ಇದೆ. ಖಿನ್ನತೆಯ ಬಹಳಷ್ಟು ಮಾತ್ರೆಗಳು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕದ ಕೆಲಸ ಹೆಚ್ಚಿಸುತ್ತವೆ. ಟ್ರಮಡಾಲ್ ಕೂಡ ಹೆಚ್ಚಿಸುತ್ತದೆ. ಈಗ ಮೂರನೆಯದೊಂದು ಸೇರಿದರೆ ಲೆಕ್ಕ ತಪ್ಪಬಹುದು. ಕೈ ನಡುಕ, ವಿಪರೀತ ಬೆವರು, ಭೇದಿ, ಸ್ನಾಯು ಸೆಟೆದುಕೊಳ್ಳುವುದು, ಜ್ವರ, ಗಾಬರಿ, ಇವು ಒಟ್ಟೊಟ್ಟಿಗೆ ಬಂದರೆ ಬೆಳಗಾಗಲಿ ಅಂತ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಇದು ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಮಾನಸಿಕ ತಜ್ಞರ ಮುಂದೆ ಮಂಡಿನೋವಿನ ಮಾತೇಕೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವಲ್ಲ, ಅದಕ್ಕೆ ಹೇಳಿದೆ. ಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫಾನ್‌ಗೂ ಇದೇ ಮಾತು. ತಲೆನೋವಿಗೆ ಕೊಡುವ ಅಮಿಟ್ರಿಪ್ಟಿಲೀನ್ ಅಂತೂ ಖಿನ್ನತೆಯದೇ ಹಳೇ ಮಾತ್ರೆ.

ಮುಂದೆಂದಾದರೂ ಬದಲಿಸುವುದೇ ಆದರೆ ಹೇಗೆ ಅನ್ನುವುದಕ್ಕೆ ನನ್ನದೇ ಕಥೆ ಇದೆ. ಹನ್ನೆರಡು ವರ್ಷದ ಹಿಂದೆ ನನಗೆ ವೆನ್ಲಾಫಾಕ್ಸೀನ್ ಇಳಿಸುತ್ತ ಬೇರೊಂದನ್ನು ಏರಿಸಲು ಚೀಟಿ ಬರೆದರು. 'ಇಳಿಸುತ್ತ' ಅನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೇದನ್ನು ಒಂದೇ ದಿನದಲ್ಲಿ ಬಿಟ್ಟೆ. ಮೂರನೇ ದಿನ ಧಾರವಾಡದ ಬಸ್ಸಿನಲ್ಲಿ ಕತ್ತು ತಿರುಗಿಸಿದಾಗಲೆಲ್ಲ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಹುಚ್ಚು ಹಿಡಿಯಿತು ಅಂತಲೇ ತಿಳಿದಿದ್ದೆ. ಅದು ಮಾತ್ರೆ ಥಟ್ಟನೆ ನಿಂತದ್ದರ ಫಲ. ವೆನ್ಲಾಫಾಕ್ಸೀನ್, ಪ್ಯಾರಾಕ್ಸೆಟೀನ್ ಇದಕ್ಕೆ ಕುಖ್ಯಾತ. ಫ್ಲೂಆಕ್ಸೆಟೀನ್ ಉಲ್ಟಾ, ಬಿಟ್ಟ ಮೇಲೂ ವಾರಗಟ್ಟಲೆ ದೇಹದಲ್ಲಿ ಇರುತ್ತದೆ. ಹಾಗಾಗಿ ಯಾವುದನ್ನು ಎಷ್ಟು ದಿನದಲ್ಲಿ ಇಳಿಸಬೇಕು, ಹೊಸದನ್ನು ಎಂದು ಶುರು ಮಾಡಬೇಕು ಅನ್ನುವುದನ್ನು ತಾರೀಖು ಹಾಕಿ ಬರೆಸಿಕೊಳ್ಳಿ.

ಡಾಕ್ಟರ ಹತ್ತಿರ ಹೋದಾಗ ಥೈರಾಯ್ಡ್ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಅದು ಕಡಿಮೆ ಇದ್ದರೂ ಹೀಗೇ ಕೈ ಏಳುವುದಿಲ್ಲ. ಹಿಂದೆ ಯಾವಾಗಲಾದರೂ ವಾರಗಟ್ಟಲೆ ನಿದ್ದೆಯೇ ಬೇಡವಾಗಿ, ಮಾತು, ಉತ್ಸಾಹ, ಖರ್ಚು ಎಲ್ಲ ಮಿತಿ ಮೀರಿದ್ದಿದ್ದರೆ ಮುಚ್ಚಿಡಬೇಡಿ. ಆಗ ಚಿಕಿತ್ಸೆಯ ದಾರಿಯೇ ಬೇರೆ.

ಸೇರಿಸುವುದು ಅಂದರೆ ಮಾತ್ರೆಯನ್ನೇ ಸೇರಿಸಬೇಕು ಅಂತಲೂ ಇಲ್ಲ. ಬ್ರಿಟನ್ನಿನ 2013ರ ಅಧ್ಯಯನವೊಂದರಲ್ಲಿ ಇದ್ದ ಮಾತ್ರೆಯ ಜತೆಗೆ ಮಾತಿನ ಚಿಕಿತ್ಸೆ ಸೇರಿಸಿದಾಗ ಆರು ತಿಂಗಳಲ್ಲಿ 46 ಶೇಕಡಾ ಮಂದಿಗೆ ಲಕ್ಷಣಗಳು ಅರ್ಧದಷ್ಟಾದರೂ ಕಡಿಮೆಯಾದವು. ಸೇರಿಸದವರಲ್ಲಿ 22. ನಿಮ್ಮೂರಿನಲ್ಲಿ ಅದು ಎಲ್ಲಿ ಸಿಗಬೇಕು ಅಂತ ನೀವು ನಗಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಾತ್ರೆ ಬದಲಾಗುವ ವಾರಗಳಲ್ಲಿ ಸಾಯುವ ಯೋಚನೆ ಬಂದರೆ ರಾತ್ರಿ ಎರಡು ಗಂಟೆಯಾದರೂ ಸರಿ, ಮನೆಯವರನ್ನು ಎಬ್ಬಿಸಿ, ಆ ನಂಬರ್ ಒತ್ತಿ.

ಹಾಗಾಗಿ ಚೀಟಿಯನ್ನು ಹರಿಯಬೇಡಿ. ಆ ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ, ಟ್ರಮಡಾಲ್ ಸ್ಟ್ರಿಪ್ಪನ್ನು ಮೇಜಿನ ಮೇಲಿಟ್ಟು, ಸೋಮವಾರದ ವಿಷಯ ಹೇಳಿ. ಮಗನನ್ನೂ ಜತೆಗೆ ಕರೆದುಕೊಂಡು ಹೋಗಿ. ಅವನ ಪ್ರಶ್ನೆಗಳು ಇಂಟರ್‌ನೆಟ್ಟಿಗಿಂತ ಅವರ ಮುಂದೆ ಇದ್ದರೆ ಚೆಂದ.

ಹೆಸರು ಹಾಕಿಲ್ಲ. ಊರನ್ನೂ ತೆಗೆದಿದ್ದೇನೆ. ಓರಗಿತ್ತಿಯೂ ನಮ್ಮ ಓದುಗರೇ ಅಂತ ಬರೆದಿದ್ದೀರಿ, ಅವರು ಗುರುತು ಹಿಡಿದರೆ ಮಾತ್ರ ನನ್ನನ್ನು ಬೈಯಬೇಡಿ.

- ಸಂಪಾದಕ